ಮ್ಯಾಗ್ನೆಟ್ ಹಿಡಿಯದ ಬಾಗಿಲು

ಕಾರಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಣ್ಣನ್ನು ನೀವು ಕಂಡಿರಲಿಕ್ಕಿಲ್ಲ. ಇವಳು ಪಟ್ಟಿದ್ದಳು, ಅದೂ ಹೊಟ್ಟೆ ತುಂಬಾ.

ಗ್ಯಾರೇಜಿನವರೆಲ್ಲ ಇವಳನ್ನು ಮ್ಯಾಗ್ನೆಟ್ ಮೇಡಂ ಅಂತಲೇ ಕರೆಯುವುದು. ಹಳೇ ಕಾರುಗಳಿಗೆ ಬೆಲೆ ಕಟ್ಟುವುದು ಅವಳ ಕೆಲಸ. ಮೆತ್ತನೆ ಬಟ್ಟೆ ಸುತ್ತಿದ ಮ್ಯಾಗ್ನೆಟ್ಟನ್ನು ಕಾರಿನ ಮೈಮೇಲೆ ಸವರಿಕೊಂಡು ಹೋಗುತ್ತಾಳೆ. ಅಂಟಿದರೆ ಅಸಲಿ ತಗಡು. ಜಾರಿದರೆ ತುಕ್ಕು ಮುಚ್ಚಲು ಮೆತ್ತಿದ ಪುಟ್ಟಿ. ಅವಳು ಹೇಳಿದ ಬೆಲೆಗೆ ಕೊಳ್ಳುವವರೂ ಮಾರುವವರೂ ತಲೆಯಾಡಿಸುತ್ತಿದ್ದರು.

ಈ ಸಲದ್ದು ಕೆನೆ ಬಣ್ಣದ, ಎರಡೇ ಸೀಟಿನ, ಉದ್ದ ಮೂತಿಯ ಚೆಲುವೆ. ಆ ಮಾಡೆಲ್ಲಿನವು ಈಗ ಬೆರಳೆಣಿಕೆಯಷ್ಟು ಉಳಿದಿವೆ. ಅದಕ್ಕೆ ಮರುಜೀವ ಕೊಡಲು ಗ್ಯಾರೇಜಿನ ಮೇಸ್ತ್ರಿ ಎರಡು ವರ್ಷ ಅದರ ಅಡಿಯಲ್ಲೇ ಮಲಗಿದ್ದ. ಇವಳು ನಾಚಿಕೆ ಬಿಟ್ಟು "ಸಿನಿಮಾಗೆ ಹೋಗೋಣ್ವಾ?" ಅಂತ ಕೇಳಿದ ದಿನವೂ ಅವನು, "ಅಯ್ಯೋ ಮೇಡಂ, ಕಾರ್ಬ್ಯುರೇಟರ್ ಬಿಚ್ಚಿಟ್ಟಿದ್ದೀನಲ್ಲ" ಅಂದಿದ್ದ. ಅವತ್ತಿಂದ ಆ ಕಾರಿನ ಸುದ್ದಿ ಎತ್ತಿದರೆ ಸಾಕು, ಇವಳಿಗೆ ಮೈಯೆಲ್ಲ ಉರಿ.

ಕಾರಿಗಾದರೂ ಬಾಯಿಲ್ಲ. ಅದರ ಒಡತಿಗೆ ಇತ್ತು, ಮತ್ತು ಆ ಬಾಯಿ ತುಂಬಾ ಚೆನ್ನಾಗಿ ನಗುತ್ತಿತ್ತು.

ಬೆಲೆ ಕಟ್ಟಲು ಇವಳು ಶೆಡ್ಡಿನೊಳಗೆ ಕಾಲಿಟ್ಟಾಗ ಒಡತಿ ತನ್ನ ಕರ್ಚೀಫಿನಿಂದ ಮೇಸ್ತ್ರಿಯ ಕೆನ್ನೆಯ ಗ್ರೀಸ್ ಒರೆಸುತ್ತಿದ್ದಳು.

"ಅಲ್ಲಾಡ್ಬೇಡಿ ಮೇಸ್ತ್ರಿ, ಕಣ್ಣಿಗೆ ಹೋಗುತ್ತೆ."

ಅವನು ಮಗುವಿನ ಹಾಗೆ ಕಣ್ಣು ಮುಚ್ಚಿ ನಿಂತಿದ್ದ. ಇವಳು ಬೇಕಂತಲೇ ಬ್ಯಾಗನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದಳು. ಅವನು ಕಣ್ಣು ಬಿಟ್ಟ. ಇವಳನ್ನು ಕಂಡವನೇ ಕೆನ್ನೆಯನ್ನು ತಾನೇ ತೋಳಿಗೆ ಉಜ್ಜಿಕೊಂಡು ಇನ್ನಷ್ಟು ಕಪ್ಪು ಮಾಡಿಕೊಂಡ.

"ಬನ್ನಿ ಮೇಡಂ," ಅಂದಳು ಒಡತಿ. "ನಿಮ್ಮ ವಿಷಯ ಇವರು ತುಂಬಾ ಹೇಳ್ತಿರ್ತಾರೆ."

"ಏನಂತೆ ನನ್ನ ವಿಷಯ?"

"ನೀವು ಸುಳ್ಳು ಹೇಳಲ್ವಂತೆ."

ಇಷ್ಟು ವರ್ಷದ ಪರಿಚಯಕ್ಕೆ ಇವನಿಗೆ ಕಂಡಿದ್ದು ಅಷ್ಟೇನಾ? ಇವಳು ಹಲ್ಲು ಕಚ್ಚಿಕೊಂಡು ಕೆಲಸಕ್ಕಿಳಿದಳು.

ಮೊದಲು ಆಕರ್ಷಣೆಯ ಪರೀಕ್ಷೆ. ಅವಳದ್ದೇ ಒಂದು ಪದ್ಧತಿ ಇತ್ತು: ಕಾರಿಗೆ ಬೆನ್ನು ಹಾಕಿ ಗೇಟಿನವರೆಗೆ ನಡೆಯಬೇಕು. ತಿರುಗಿ ನೋಡದೆ ಇರಲಾಗದಿದ್ದರೆ ಕಾರು ಗೆದ್ದ ಹಾಗೆ. ಇವಳು ಗೇಟು ಮುಟ್ಟುವ ಮೊದಲೇ ತಿರುಗಿದಳು. ಆದರೆ ಕಣ್ಣಿಗೆ ಬಿದ್ದದ್ದು ಕಾರಲ್ಲ, ಆ ಕರ್ಚೀಫು.

"ಆಕರ್ಷಣೆ ಸಾಧಾರಣ," ಅಂದಳು.

ಮೇಸ್ತ್ರಿ ಹುಬ್ಬೇರಿಸಿದ. ಎಂಜಿನ್ ನಂಬರ್ ಸರಿಯಾಗಿತ್ತು. ಸೀಟಿನ ಚರ್ಮ ಬಿರುಕು ಬಿಟ್ಟಿತ್ತು. ಬೇರೆ ದಿನವಾಗಿದ್ದರೆ "ಇದು ಅಸಲಿ ಚರ್ಮ, ಈ ಬಿರುಕಿಗೇ ಬೆಲೆ ಜಾಸ್ತಿ" ಅಂತ ಕುಣಿಯುತ್ತಿದ್ದಳು. ಇವತ್ತು "ಹರಿದಿದೆ" ಅಂದಳು. ಆಮೇಲೆ ಮ್ಯಾಗ್ನೆಟ್ ತೆಗೆದಳು. ಬಾನೆಟ್ಟಿಗೆ ಅಂಟಿತು, ಮಡ್ಗಾರ್ಡಿಗೆ ಅಂಟಿತು. ಬಾಗಿಲಿಗೆ ಬಂದಾಗ ಸರ್ರನೆ ಜಾರಿತು. ಆ ಕಡೆ ಬಾಗಿಲಲ್ಲೂ ಹಾಗೇ.

ಇವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಎರಡೂ ಬಾಗಿಲು ಪುಟ್ಟಿ. ನೀವು ಮನಸ್ಸಲ್ಲಿ ಇಟ್ಟುಕೊಂಡಿರೋ ಬೆಲೆಯಲ್ಲಿ ಅರ್ಧ ಕೇಳಿ. ಬೇಗ ಮಾರಿ, ಕೊಂಡವರು ಬೇಗ ತಗೊಂಡು ಹೋಗಲಿ."

ಒಡತಿಯ ಮುಖ ಸಪ್ಪಗಾಯಿತು. "ಇದನ್ನ ಒರೆಸೋಕೂ ಅಪ್ಪ ಬೇರೆಯವರಿಗೆ ಬಿಡ್ತಿರ್ಲಿಲ್ಲ. ಅರ್ಧನಾ?" ಅಂದಳು. ಕಿಟಕಿಯೊಳಗೆ ಕೈ ಹಾಕಿ ಸ್ಟೀರಿಂಗನ್ನು ಒಮ್ಮೆ ಸವರಿದಳು. "ಇರಲಿ, ನೀವು ಹೇಳಿದ ಮೇಲೆ ಮುಗೀತು. ಮೇಸ್ತ್ರಿ, ಹಾಗಾದ್ರೆ ನೀವೇ ತಗೊಳ್ಳಿ. ಆಸೆ ಪಟ್ಟಿದ್ರಲ್ಲ, ಈಗ ನಿಮ್ಮ ಕೈಗೂ ಎಟುಕುತ್ತೆ."

ಇವಳು ಬೆಚ್ಚಿದಳು. ಕೊಳ್ಳುವವನು ಇವನಾ?

ಮೇಸ್ತ್ರಿಯ ಮುಖದಲ್ಲಿ ಖುಷಿಯ ಸುಳಿವೇ ಇರಲಿಲ್ಲ. "ಮೇಡಂ, ಬಾಗಿಲು ಇನ್ನೊಂದ್ಸಲ ನೋಡಿ."

"ನೋಡಾಯ್ತು."

"ಮ್ಯಾಗ್ನೆಟ್ ಬೇಡ. ಸುಮ್ನೆ ಒಂದ್ಸಲ ತೆಗೆದು ಮುಚ್ಚಿ."

ಇವಳು ಸಿಟ್ಟಿನಿಂದ ಬಾಗಿಲನ್ನು ಎಳೆದಳು. ಅದು ಕಿಟಕಿಯ ಬಾಗಿಲಿನಷ್ಟು ಹಗುರವಾಗಿ ತೆರೆದುಕೊಂಡಿತು. ಇವಳ ಕೈ ಅಲ್ಲೇ ನಿಂತಿತು.

ಅಲ್ಯೂಮಿನಿಯಂ! ತೂಕ ಇಳಿಸಲೆಂದು ಕಂಪನಿಯವರು ಆ ಮಾಡೆಲ್ಲಿನ ಮೊದಲ ಕೆಲವು ಕಾರುಗಳಿಗೆ ಮಾತ್ರ ಹಾಕಿದ ಬಾಗಿಲು. ಮ್ಯಾಗ್ನೆಟ್ ಹಿಡಿಯಬಾರದು; ಹಿಡಿಯದಿದ್ದರೇ ಅದು ಅಪರೂಪದಲ್ಲಿ ಅಪರೂಪ. ಮೇಸ್ತ್ರಿಗೆ ಇದನ್ನು ಹೇಳಿಕೊಟ್ಟವಳೇ ಇವಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗಾಗಿತ್ತು ಇವಳ ಗತಿ.

ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಒಡತಿಗೆ ಗೊತ್ತಾಗುತ್ತಿರಲಿಲ್ಲ. ಅವನ ಆಸೆ ಅರ್ಧ ಬೆಲೆಗೆ ಕೈಗೂಡುತ್ತಿತ್ತು. ಸತ್ಯ ಹೇಳಿದರೆ ಕಾರು ಅವನ ಕೈ ತಪ್ಪುತ್ತದೆ, ಜೊತೆಗೆ ತನ್ನ ಮರ್ಯಾದೆಯೂ ಹೋಗುತ್ತದೆ. ಇವಳು ಅವನತ್ತ ನೋಡಿದಳು. ಅವನು ಕಣ್ಣು ಕದಲಿಸದೆ ಇವಳನ್ನೇ ನೋಡುತ್ತಿದ್ದ, ಕಾರಿಗಿಂತ ದೊಡ್ಡದೇನೋ ಕೈಜಾರುತ್ತಿದೆ ಅನ್ನುವ ಹಾಗೆ.

"ತಪ್ಪು ನಂದು," ಅಂದಳು ಒಡತಿಗೆ. "ಇದು ಪುಟ್ಟಿ ಅಲ್ಲ, ಅಲ್ಯೂಮಿನಿಯಂ. ಅರ್ಧ ಅಲ್ಲ, ನೀವು ಅಂದುಕೊಂಡಿದ್ದರ ಎರಡರಷ್ಟು ಕೇಳಿ. ಧೈರ್ಯವಾಗಿ ಕೇಳಿ, ಕೊಡ್ತಾರೆ."

"ಮತ್ತೆ ಆಗ ಯಾಕೆ ಹಾಗಂದ್ರಿ?"

"ಹೊಟ್ಟೆಕಿಚ್ಚು."

"ಕಾರಿನ ಮೇಲಾ?"

"ಮೊದಲು ಕಾರಿನ ಮೇಲೆ. ಆಮೇಲೆ ನಿಮ್ಮ ಕರ್ಚೀಫಿನ ಮೇಲೆ."

ಮೇಸ್ತ್ರಿಯ ಕೈಯಿಂದ ಸ್ಪ್ಯಾನರ್ ಬಿತ್ತು. ಒಡತಿ ಇಬ್ಬರನ್ನೂ ನೋಡಿ ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು.

"ಕಿಚ್ಚು ಪಡ್ಬೇಕಾದವಳು ನಾನು, ಮೇಡಂ. ಹೋದ ತಿಂಗಳು ನಾನೇ ಇವರನ್ನ ಮದುವೆ ಆಗ್ತೀರಾ ಅಂತ ಬಾಯಿಬಿಟ್ಟು ಕೇಳಿದ್ದೆ. ಮನಸ್ಸಲ್ಲಿ ಒಬ್ಬರಿದ್ದಾರೆ, ಮ್ಯಾಗ್ನೆಟ್ ಹಿಡ್ಕೊಂಡು ಓಡಾಡ್ತಾರೆ ಅಂದ್ರು." ಕರ್ಚೀಫನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು. "ಸುಳ್ಳು ಹೇಳಲ್ಲ ಅಂದಿದ್ದರು. ಇವತ್ತು ಅದೂ ನಿಜ ಆಯ್ತು ಬಿಡಿ, ಸ್ವಲ್ಪ ತಡವಾಗಿ." ಅಷ್ಟು ಹೇಳಿ ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಟುಹೋದಳು.

ಉಳಿದವರು ಇಬ್ಬರು, ನಡುವೆ ಕಾರು.

"ಅದನ್ನ ನಂಗ್ಯಾಕೆ ಹೇಳ್ಲಿಲ್ಲ?" ಇವಳು ಕೇಳಿದಳು.

"ಹೇಗೆ ಹೇಳ್ಲಿ? ಮೇಸ್ತ್ರಿ ಬೇರೆಯವರ ಕಾರು ತೊಳ್ಕೊಂಡೇ ಮುದುಕನಾಗ್ತಾನೆ ಅಂತ ನಿಮ್ಮಣ್ಣ ಎಲ್ಲರೆದುರು ಅಂದಿದ್ರಲ್ಲ. ನಿಮ್ಮ ಮನೆ ಮುಂದೆ ನನ್ನದೇ ಕಾರಿಂದ ಇಳಿದು ನಿಮ್ಮನ್ನ ಕೇಳ್ಬೇಕು ಅಂತಿದ್ದೆ. ಇದನ್ನೇ ನಂಬ್ಕೊಂಡು ಕೂತಿದ್ದೆ."

"ಈಗ ಎರಡರಷ್ಟು ಅಂದುಬಿಟ್ಟೆ. ಬೇಜಾರಾ?"

"ಅರ್ಧಕ್ಕೆ ಕೊಡ್ಸಿದ್ರೆ ಬೇಜಾರಾಗ್ತಿತ್ತು."

"ನಂಗಂತೂ ಖುಷಿ." ಇವಳು ಕಣ್ಣೊರೆಸಿಕೊಂಡಳು. "ಈ ಕೆನೆ ಬಣ್ಣದ ಕಾರನ್ನ ನೀವು ಮನೆಗೇ ಕರ್ಕೊಂಡು ಬಂದಿದ್ರೆ ನಾನೆಲ್ಲಿಗೆ ಹೋಗ್ಲಿ? ನಡ್ಕೊಂಡೇ ಬನ್ನಿ. ಅಣ್ಣನ ಬಾಯಿ ಮುಚ್ಚಿಸೋದು ನನ್ನ ಜವಾಬ್ದಾರಿ."

ಅವನು ನಕ್ಕ. ನಗುತ್ತಲೇ, ಹೋಗಲಿರುವ ಕಾರಿನ ಬಾನೆಟ್ಟನ್ನು ಮೆಲ್ಲಗೆ ಸವರಿದ. ಇವಳು ಆ ಕೈಯನ್ನು ಅಲ್ಲಿಂದ ಎತ್ತಿ, ಗ್ರೀಸ್ ಸಮೇತ ತನ್ನ ಕೈಯೊಳಗೆ ಇಟ್ಟುಕೊಂಡಳು.

"ಹೊಟ್ಟೆಕಿಚ್ಚು ಇನ್ನೂ ಹೋಗಿಲ್ವಾ?"

"ಇಲ್ಲ," ಅಂದಳು. "ಹೋಗೋದೂ ಇಲ್ಲ."