ತಣ್ಣನೆಯ ಬೆಸುಗೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹಳೆಯ ಗೇಮ್ ಕನ್ಸೋಲ್‌ಗೆ ಹೊಸ ಚಿಪ್ ಕೂರಿಸಲು ಅಕ್ಕನ ಹತ್ತಿರ ಬೆಸುಗೆ ಕಲಿಯುತ್ತಿದ್ದೆ. ಕೈ ನಡುಗಿ ಅಭ್ಯಾಸದ ಬೋರ್ಡುಗಳನ್ನೆಲ್ಲ ಸುಟ್ಟಿದ್ದೆ, ಉಳಿದದ್ದು ಕನ್ಸೋಲ್‌ನ ಬೋರ್ಡೊಂದೇ.

ಆ ಮಧ್ಯಾಹ್ನ ಅಕ್ಕ ಹೊರಗೆ ಹೋದಾಗ, ಧೈರ್ಯ ಮಾಡಿ ಸೋಲ್ಡರಿಂಗ್ ಐರನ್ ಕೈಗೆತ್ತಿಕೊಂಡೆ. ಹಿಂದಿನಿಂದ ಯಾರೋ ನನ್ನ ಮಣಿಕಟ್ಟು ಹಿಡಿದರು. ಬೆರಳುಗಳು ಮಂಜುಗಡ್ಡೆಯಂತಿದ್ದವು. ತಿರುಗಿದರೆ ಯಾರೂ ಇಲ್ಲ. ಆದರೆ ಕೈ ನಡುಗುವುದು ನಿಂತಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ, ಸೀಸ ಕರಗಿ ಚಿಪ್‌ನ ಕಾಲುಕಾಲಿಗೂ ಮುತ್ತಿನಂತೆ ಕೂತಿತು. ಗುಂಡಿ ಒತ್ತಿದೆ. ಪರದೆ ಝಗ್ಗನೆ ಬೆಳಗಿತು. ಕುಣಿದುಬಿಟ್ಟೆ!

ಅಕ್ಕ ಬಂದು ಭೂತಗನ್ನಡಿಯಲ್ಲಿ ನೋಡಿ, "ಭೇಷ್ ಕಣೇ! ನಂಗೂ ಇಷ್ಟು ಚೆನ್ನಾಗಿ ಬರಲ್ಲ" ಎಂದು ಬೆನ್ನು ತಟ್ಟಿದಳು. ಆಮೇಲೆ ಚೀಲದಿಂದ ಹೊಸ ಐರನ್ ತೆಗೆಯುತ್ತಾ ಕೇಳಿದಳು: "ಯಾವುದ್ರಲ್ಲಿ ಮಾಡ್ದೆ? ಹಳೇದು ಬೆಳಿಗ್ಗೆನೇ ಕೆಟ್ಟೋಗಿತ್ತು, ನಿಂಗೆ ಹೇಳೋಕೆ ಮರೆತಿದ್ದೆ!"

ಮುಟ್ಟಿ ನೋಡಿದೆ. ಹಳೆಯ ಐರನ್ ತಣ್ಣಗಿತ್ತು. ಆಟ ಇಂದಿಗೂ ನಡೆಯುತ್ತಿದೆ.