ಕಾರಣ ಕೇಳುವಂತಿಲ್ಲ

"ನಿಮ್ಮ ಡಿಗ್ರಿಗೆ ನಮ್ಮಪ್ಪನ ಕೆಮ್ಮೇ ಬೇಕಿತ್ತಾ?"

ಬಾಗಿಲಲ್ಲಿ ನಿಂತಿದ್ದ ವಿಶ್ವವಿದ್ಯಾಲಯದ ಸಂಶೋಧಕ ತಬ್ಬಿಬ್ಬಾದ. ಕಂಕುಳಲ್ಲಿ ಫಾರಂಗಳ ಕಟ್ಟು, ಕೈಯಲ್ಲಿ ಉಸಿರು ಅಳೆಯುವ ಪ್ಲಾಸ್ಟಿಕ್ ಕೊಳವೆ. ಕಲ್ಲುಪುಡಿ ಕಾರ್ಖಾನೆಯ ಧೂಳು ಜನರ ಎದೆಗೆ ಏನು ಮಾಡುತ್ತದೆ ಎಂದು ತಿಳಿಯಲು ಮನೆಮನೆ ಸುತ್ತುತ್ತಿದ್ದ.

ಒಳಗಿಂದ ಅಪ್ಪ ಕೆಮ್ಮುತ್ತಲೇ ನಕ್ಕ. "ಬಿಡೇ ಮಗಳೇ... ಇಷ್ಟು ವರ್ಷ ಪುಕ್ಕಟೆ ಕೆಮ್ಮಿದೀನಿ. ಒಬ್ಬನಾದ್ರೂ ಬರ್ಕೊಳ್ಳಲಿ!"

ಅವನು ಕೂತು, ಒಂದಕ್ಷರ ಬಿಡದೆ ಫಾರಂ ಓದಿದ. "ನಿಮ್ಮ ವಿಷಯ ನಿಮ್ಮ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳುವುದಿಲ್ಲ. ಯಾವಾಗ ಬೇಕಾದರೂ ನೀವು ಹಿಂದೆ ಸರಿಯಬಹುದು. ಕಾರಣ ಹೇಳಬೇಕಾಗಿಲ್ಲ, ನಾವು ಕೇಳುವಂತಿಲ್ಲ."

"ಮದುವೆಗೂ ಇಂಥದ್ದೊಂದು ಫಾರಂ ಇರಬೇಕಿತ್ತು ಕಣಪ್ಪಾ!" ಎಂದ ಅಪ್ಪ.

ಅವಳಿಗೂ ನಗು ಬಂದುಬಿಟ್ಟಿತು.

ಅವಳೂ ಸಹಿ ಹಾಕಿದಳು. ಅಮ್ಮ ಹೋದಂದಿನಿಂದ, ಕಾರ್ಖಾನೆಯಲ್ಲಿ ದುಡಿದು ಬರುತ್ತಿದ್ದ ಅಪ್ಪನ ಧೂಳು ಬಟ್ಟೆ ಕೊಡವಿ ಒಗೆದವಳು ಅವಳೇ. ಒಗೆಯುವವರ ಎದೆಗೂ ಆ ಧೂಳು ಇಳಿಯುತ್ತದೆಯೇ ಎಂಬುದೂ ಅವನ ಪ್ರಶ್ನೆಯಾಗಿತ್ತು.

ತಿಂಗಳಿಗೊಮ್ಮೆ ಬರುತ್ತಿದ್ದ. "ಜೋರಾಗಿ ಊದಿ... ಇನ್ನೂ... ಇನ್ನೂ..." ಎನ್ನುವಾಗ ತಾನೇ ಉಸಿರು ಬಿಗಿಹಿಡಿಯುತ್ತಿದ್ದ. ಅಪ್ಪ ಅವನಿಗೆ 'ಫಾರಂ ಸಾಹೇಬ' ಎಂದು ಹೆಸರಿಟ್ಟ. ಅವಳು ಹೊಲಿಗೆ ಯಂತ್ರದ ಹಿಂದಿನಿಂದ ಕದ್ದು ನೋಡುತ್ತಿದ್ದಳು. ಒಂದು ದಿನ ಅವನ ಅಂಗಿಯಿಂದ ಬಿದ್ದ ಗುಂಡಿಯನ್ನು ಕೈಗೆ ಸಿಕ್ಕ ನೀಲಿ ದಾರದಲ್ಲಿ ಹೊಲಿದುಕೊಟ್ಟಳು. ಅಷ್ಟೇ. ಅಷ್ಟಕ್ಕೇ ಅವಳ ಮನಸ್ಸು ಎಲ್ಲೆಲ್ಲೋ ಹೋಗಿತ್ತು!

ಏಳನೆಯ ತಿಂಗಳು ಅಪ್ಪ ತೀರಿಕೊಂಡ.

"ಎದೆಯೆಲ್ಲ ಪುಡಿ ಕಟ್ಕೊಂಡಿತ್ತಮ್ಮ" ಎಂದರು ಆಸ್ಪತ್ರೆಯ ಡಾಕ್ಟರು. "ಯೂನಿವರ್ಸಿಟಿಯವರು ತೆಗೆಸಿದ ಎಕ್ಸ್‌ರೇಯಲ್ಲಿ ಆರು ತಿಂಗಳ ಹಿಂದೆಯೇ ಗೊತ್ತಾಗಿತ್ತಲ್ಲ?"

ಅವಳಿಗೆ ಸಿಡಿಲು ಬಡಿದಂತಾಯಿತು. ಗೊತ್ತಿತ್ತಾ? ನನ್ನ ಕೈಯಿಂದ ಟೀ ಕುಡಿದು ಹೋಗುತ್ತಿದ್ದವನಿಗೆ ಗೊತ್ತಿತ್ತಾ? ಒಂದೇ ಒಂದು ಮಾತು ಹೇಳಿದ್ದರೆ...

ಹಿಂದೆ ಸರಿಯುವ ಚೀಟಿಗೆ ಸಹಿ ಹಾಕಿ ಅಂಚೆಗೆ ಹಾಕಿದಳು. ಕಾರಣದ ಜಾಗ ಖಾಲಿ ಬಿಟ್ಟಳು. ಬಂದು ಕೇಳಲಿ ಎಂದೇ ಬಿಟ್ಟದ್ದು! ಜಗಳವಾಡಲಿಕ್ಕಾದರೂ ಬರಲಿ...

ಅವನು ಬರಲಿಲ್ಲ. ಒಂದು ವರ್ಷ ಕಳೆಯಿತು. ಹೊಳೆ ದಾಟಿದ ಮೇಲೆ ಅವನಿಗೆ ಅಂಬಿಗನ ಹಂಗೇಕೆ ಎಂದುಕೊಂಡು ಅವಳು ಯಂತ್ರ ತುಳಿದಳು. ಚಳಿ ಶುರುವಾಗುವ ಹೊತ್ತಿಗೆ ಅವಳಿಗೂ ಒಣಕೆಮ್ಮು ಅಂಟಿಕೊಂಡಿತು. ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು?

ಸಂಶೋಧನೆಯ ಫಲಿತಾಂಶ ತಿಳಿಸುವ ಸಭೆಗೆ ಪಕ್ಕದ ಮನೆಯ ಅತ್ತೆ ಅವಳನ್ನು ಎಳೆದುಕೊಂಡೇ ಹೋದರು. ಶಾಲೆಯ ಹಾಲ್‌ನಲ್ಲಿ ಅವನು ನಿಂತಿದ್ದ, ಸೊರಗಿಹೋಗಿದ್ದ. ಕಾರ್ಖಾನೆಯಲ್ಲಿ ಇನ್ನುಮುಂದೆ ನೀರು ಚಿಮುಕಿಸಿಯೇ ಕಲ್ಲು ಪುಡಿಮಾಡುತ್ತಾರೆ ಎಂದ. ಜನ ಚಪ್ಪಾಳೆ ತಟ್ಟಿದರು. ಅಪ್ಪನಿಗೆ ಆ ನೀರು ಸಿಗಲಿಲ್ಲವಲ್ಲ ಎಂದು ಅವಳು ತಲೆ ತಗ್ಗಿಸಿ ಕೂತಳು.

ಎಲ್ಲರೂ ಹೊರಟ ಮೇಲೆ ಅವಳಿಗೆ ಕೆಮ್ಮು ಬಂತು. ಕುರ್ಚಿ ಮಡಚುತ್ತಿದ್ದವನು ಓಡಿ ಬಂದ.

"ಯಾವಾಗಿಂದ ಈ ಕೆಮ್ಮು?"

"ನೀವು ಕೇಳುವಂತಿಲ್ಲ ಅಲ್ವಾ? ನಾನು ಹಿಂದೆ ಸರಿದವಳು."

ಅವನ ಮುಖ ಸಣ್ಣದಾಯಿತು. ಚೀಲದಿಂದ ಅಪ್ಪನ ಫಾರಂ ತೆಗೆದು ಹಿಂಬದಿ ತೋರಿಸಿದ. ಅಪ್ಪನ ಸೊಟ್ಟ ಅಕ್ಷರ: 'ನನ್ನ ಕಾಯಿಲೆ ಮಗಳಿಗೆ ಹೇಳಬೇಡಿ. ಈಗೀಗ ನಗ್ತಾ ಇದ್ದಾಳೆ. ನಾನು ಹೋದ ಮೇಲೆ ಹೇಳಿ.'

"ಹೇಳೋಕೆ ಹೊರಟಿದ್ದೆ... ಅಷ್ಟರಲ್ಲಿ ನಿಮ್ಮ ಚೀಟಿ ಬಂತು. ಹಿಂದೆ ಸರಿದವರ ಮನೆಗೆ ನಾವು ಹೋಗೋ ಹಾಗಿಲ್ಲ. ನಿಮ್ಮ ಬೀದಿ ತುದಿವರೆಗೂ ಬಂದು ಎಷ್ಟು ಸಲ ವಾಪಸ್ ಹೋಗಿದೀನೋ!"

"ನಿಯಮ ಪಾಲಿಸೋಕೆ ನಾನೇ ಸಿಕ್ಕಿದ್ದಾ ನಿಮಗೆ?" ವರ್ಷದಿಂದ ತಡೆದಿಟ್ಟ ಅಳು ಒಮ್ಮೆಲೇ ಕಟ್ಟೆಯೊಡೆಯಿತು.

ಅವನು ಕೊಳವೆ ಚಾಚಿದ. ಅವಳು ಊದಿದಳು. ಅವನು ಅಂಕಿಯನ್ನು ಬಹಳ ಹೊತ್ತು ನೋಡಿದ.

"ಕಮ್ಮಿ ಆಗಿದೆ. ಸುಳ್ಳು ಹೇಳಲ್ಲ. ನಾಳೆಯೇ ದೊಡ್ಡಾಸ್ಪತ್ರೆಗೆ ಹೋಗೋಣ."

"ಹೋಗೋಣ ಅಂದ್ರೆ?"

"ನಾನೂ ಬರ್ತೀನಿ. ನಾಳೆಯೂ... ಆಮೇಲೂ. ಸಂಶೋಧನೆಗಲ್ಲ. ನೀವಂದ್ರೆ ನಂಗೆ ಪ್ರಾಣ." ಅಭ್ಯಾಸಬಲ, ಮುಂದಿನ ಸಾಲೂ ಬಾಯಿಗೆ ಬಂತು. "ನೀವು ಯಾವಾಗ ಬೇಕಾದ್ರೂ ಹಿಂದೆ ಸರೀಬಹುದು. ಕಾರಣ..."

ಅವಳು ಅವನ ಅಂಗಿಯ ಗುಂಡಿ ಹಿಡಿದುಕೊಂಡಳು. ನೀಲಿ ದಾರ ಇನ್ನೂ ಬಿಟ್ಟಿರಲಿಲ್ಲ.

"ಸರಿದ್ರೆ ಕಾರಣ ಕೇಳಬೇಕು. ಬಾಗಿಲು ಬಡಿದು ಕೇಳಬೇಕು. ತಿಳೀತಾ, ಫಾರಂ ಸಾಹೇಬ್ರೇ?"

"ಕೇಳ್ತೀನಿ" ಎಂದ ಅವನು. "ಹೇಳೋವರೆಗೂ ಬಾಗಿಲಲ್ಲೇ ಕೂತಿರ್ತೀನಿ."