ಕಾಸ್ ಎಕ್ಸ್ ಹೊಡೆದುಹಾಕಿದ ಹುಡುಗ

ರೇವಣ್ಣ ಬೋರ್ಡಿನ ಮೇಲೆ ಲೆಕ್ಕ ಮುಗಿಸಿ ಕೈ ಒರೆಸಿಕೊಂಡ. ಕ್ಲಾಸಿಗೇ ಫಸ್ಟ್ ಬರುವ ಹುಡುಗ. ಮೇಷ್ಟ್ರು "ಭೇಷ್" ಎಂದರು. ನನಗೆ ಮೈಯೆಲ್ಲ ಉರಿಯಿತು.

"ತಪ್ಪೈತೆ ಸರ್," ಎಂದು ಎದ್ದು ನಿಂತೆ.

1961ರ ದಾವಣಗೆರೆ. ಕ್ಲಾಸಿನಲ್ಲಿದ್ದ ಹುಡುಗಿ ನಾನೊಬ್ಬಳೇ, ಹರಿಹರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದೆ. ಕಾಲೇಜಿನಿಂದ ಒಂದು ದೂರು ಬಂದರೂ ಓದು ಬಿಡಿಸಿ ಮಲೆಬೆನ್ನೂರಿನ ಗಂಡಿಗೆ ಕೊಟ್ಟುಬಿಡುತ್ತೇನೆ ಎಂದು ಅಪ್ಪ ಹೇಳಿಟ್ಟಿದ್ದರು. ಗೊತ್ತಿದ್ದೂ ನನ್ನ ಬಾಯಿ ಸುಮ್ಮನಿರಲಿಲ್ಲ.

ಸೈನ್ ಎರಡು ಎಕ್ಸ್ ಸಮ ಕಾಸ್ ಎಕ್ಸ್. ಒಂದನ್ನೂ ಬಿಡದೆ ಎಲ್ಲ ಉತ್ತರಗಳನ್ನೂ ಕೊಡುವ ಸಾಮಾನ್ಯ ಪರಿಹಾರ ಬರೆಯಬೇಕಿತ್ತು. ರೇವಣ್ಣ ಎಡಗಡೆಯದನ್ನು ಎರಡು ಸೈನ್ ಎಕ್ಸ್ ಕಾಸ್ ಎಕ್ಸ್ ಎಂದು ಬಿಡಿಸಿ, ಎರಡೂ ಕಡೆಯ ಕಾಸ್ ಎಕ್ಸ್ ಹೊಡೆದುಹಾಕಿ, ಮೂವತ್ತು ಡಿಗ್ರಿ, ನೂರೈವತ್ತು ಡಿಗ್ರಿ, ಹಾಗೇ ಮುಂದಿನವನ್ನೆಲ್ಲ ಬರೆದಿದ್ದ.

"ತೊಂಬತ್ತು ಹಾಕಿ ನೋಡ್ರಿ. ಎರಡೂ ಕಡೆ ಸೊನ್ನೆ. ಅದೂ ಉತ್ತರನೇ! ಕಾಸ್ ಎಕ್ಸ್ ಸೊನ್ನೆ ಆಗೋದ್ರಿಂದ ಅದ್ರಿಂದ ಭಾಗಿಸಂಗಿಲ್ಲ. ತೊಂಬತ್ತರಿಂದ ನೂರೆಂಬತ್ತು ಡಿಗ್ರಿಗೊಂದರಂತೆ ಉತ್ತರಗಳು ಬಿಟ್ಟುಹೋಗ್ಯಾವೆ."

"ನಂಗೇ ಪಾಠ ಹೇಳ್ತೀಯಾ ನಾಗರತ್ನ? ಕ್ಷಮೆ ಕೇಳು, ಇಲ್ಲಾಂದ್ರೆ ಹೊರಗೆ ನಡಿ," ಮೇಷ್ಟ್ರು ಗುಡುಗಿದರು.

ಹೊರಗೆ ನಡೆದೆ.

ಮರುದಿನವೂ ನಾನು ವರಾಂಡದಲ್ಲೇ. ಒಳಗೆ ಗದ್ದಲವೆದ್ದಿತು. ಇಣುಕಿದರೆ ರೇವಣ್ಣ ಬೋರ್ಡಿನ ಮೇಲೆ ನನ್ನ ಉತ್ತರ ಬರೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಬೈಗುಳ ತಿಂದು ಅವನೂ ಹೊರಗೆ ಬಂದ.

"ನಿಮಗ್ಯಾಕ ಬೇಕಿತ್ತು?" ಎಂದೆ.

"ಮನೇಲಿ ಹಾಕಿ ನೋಡ್ದೆ. ನಿಮ್ದೇ ಸರಿ." ಅವನ ಹುಬ್ಬಿಗೆ ಸೀಮೆಸುಣ್ಣ ಮೆತ್ತಿತ್ತು. ಒರೆಸಲು ಕೈ ಚಡಪಡಿಸಿತು, ತಡೆದುಕೊಂಡೆ. "ಅಲ್ದೆ, ಒಳಗೆ ಕೂತ್ರೂ ಕಣ್ಣು ಬಾಗಿಲ ಕಡೆನೇ ಹೋಗ್ತಿತ್ತು," ಎಂದ.

"ಬಾಗಿಲಾಗೆ ಏನಿತ್ತು?"

"ನಿಮ್ಮ ಜಡೆ ಕಾಣ್ತಿತ್ತು."

ನನ್ನ ಕೋಪ ಎಲ್ಲಿ ಹೋಯಿತೋ! ಆ ವಾರವೆಲ್ಲ ವರಾಂಡದಲ್ಲೇ ಲೆಕ್ಕ ಮಾಡಿದೆವು. ಅವನು ಏನಾದರೂ ಹೊಡೆದುಹಾಕಲು ಹೋದರೆ ನಾನು ಕೆಮ್ಮುತ್ತಿದ್ದೆ, ಅವನು ಕಿವಿ ಕೆಂಪಾಗಿ ನಗುತ್ತಿದ್ದ. ಅವನ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಮೇಷ್ಟ್ರಿಗೆ ಎದುರು ಮಾತಾಡಿದ ಬಾಯಿ ಅದನ್ನು ಹೇಳಲು ಮಾತ್ರ ಹಿಂಜರಿಯುತ್ತಿತ್ತು.

ಶನಿವಾರ ಅಪ್ಪ ಬಂದೇಬಿಟ್ಟರು. ದೂರು ಮುಟ್ಟಿತ್ತು.

"ಜಂಬಯ್ಯನೋರೆ, ನಿಮ್ಮ ಮಗಳು ಹುಡುಗನ ಜೊತೆ ಹೊರಗೆ ಕೂತಿರ್ತಾಳೆ," ಎಂದರು ಮೇಷ್ಟ್ರು. "ಕ್ಷಮೆ ಕೇಳಿ ಒಳಗೆ ಬರ್ಲಿ."

"ಕೇಳವ್ವ, ಮುಗ್ದೋಗ್ಲಿ," ಅಂದರು ಅಪ್ಪ.

"ಕೇಳಂಗಿಲ್ಲ ಅಪ್ಪ. ನನ್ನ ಲೆಕ್ಕ ಸರಿ ಐತೆ."

"ಹೌದೇನ್ರಿ?" ಅಪ್ಪ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣ ತಿರುಗಿಸುತ್ತ ನೆಲ ನೋಡಿದರು. ಅಪ್ಪನ ಕಣ್ಣು ರೇವಣ್ಣನ ಮೇಲೆ ಬಿತ್ತು. "ಈ ಹುಡುಗ ಯಾರು?"

ರೇವಣ್ಣ ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ. "ನಾನು ಮದುವೆ ಆಗೋರು. ಅವ್ರಿಗೆ ಇನ್ನೂ ಹೇಳಿಲ್ಲ."

ರೇವಣ್ಣ ಬೆವರು ಒರೆಸಿಕೊಂಡ. "ನಂಗೆ ಒಪ್ಪಿಗೆ ಐತ್ರಿ," ಎಂದ, ಅಪ್ಪನಿಗಲ್ಲ, ನನಗೆ.

ಪುಸ್ತಕ ಎತ್ತಿಕೊಂಡು ಸೀದಾ ಒಳಗೆ ಹೋಗಿ ಮೊದಲ ಬೆಂಚಿನಲ್ಲಿ ಕುಳಿತೆ. ಅವನು ಬಂದು ಅದೇ ಬೆಂಚಿನಲ್ಲಿ, ನನ್ನ ಪಕ್ಕದಲ್ಲೇ ಕುಳಿತ. ಹಿಂದಿನ ಬೆಂಚಿನವರು ಕತ್ತು ಚಾಚಿ ನೋಡಿದರು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ನೋಡಿದರು.

"ಮಲೆಬೆನ್ನೂರಿನೋರಿಗೆ ಬ್ಯಾಡ ಅಂತ ಹೇಳ್ತೀನವ್ವ," ಎಂದು ಅಪ್ಪ ಟೋಪಿ ಸರಿಮಾಡಿಕೊಂಡರು. "ಪಾಠ ಶುರು ಮಾಡ್ರಿ ಸರ್," ಎಂದರು.